ಕಡಿಮೆ ಖರ್ಚಿನಲ್ಲಿ ಸಿಹಿನೀರಿನ ಮೀನುತೊಟ್ಟಿ: ಮೀನಿಗಿಂತ ಮೊದಲು ನೀರಿನ ಸಿದ್ಧತೆ

ತೊಗರಿಯ ಕಾಯಿಕೊರಕ, ಸೋಯಾಅವರೆಯ ಎಲೆರೋಗ, ಕಬ್ಬಿನ ಗೊಣ್ಣೆಹುಳುಗಳ ಬಗೆಗೆ ಸಲಹೆ ಪಡೆಯಲು ಬರುವವರಲ್ಲಿ ಕೆಲವರು ಹೊರಡುವ ಮುನ್ನ ತುಸು ಸಂಕೋಚದಿಂದ ಇನ್ನೊಂದು ಪ್ರಶ್ನೆ ಕೇಳುವುದುಂಟು. “ಹುಡುಗ್ರು ಸಣ್ಣವ್ರಿದ್ದಾಗ ಮನ್ಯಾಗ ಮೀನ ಸಾಕಿದ್ದೆವ್ರಿ ಸರ್. ಗಾಜಿನ ತೊಟ್ಟಿ ಅಟ್ಟದ ಮ್ಯಾಲ ಹಂಗೇ ಅದ. ಈಗ ಮೊಮ್ಮಕ್ಕಳು ಬೇಕಂತಾವ. ಮತ್ತ ಇಡಬೇಕಂದ್ರ ಎಷ್ಟ ಖರ್ಚ ಬರ್ತದ್ರಿ?” ಬೀದರ ನಗರ, ಭಾಲ್ಕಿ, ಔರಾದ ಮೂರೂ ಕಡೆ ಈ ಪ್ರಶ್ನೆಯನ್ನು ಕೇಳಿದ್ದೇನೆ. ಹಣದ ಲೆಕ್ಕ ದೊಡ್ಡದಲ್ಲ. ಆದರೆ ಅದಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಅದನ್ನು ನಾನು ಕಲಿತದ್ದು ಮೀನುಗಳನ್ನು ಕೊಂದು.

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನನ್ನ ಕೋಣೆಯಲ್ಲಿ ಎರಡು ಅಡಿಯ ಒಂದು ತೊಟ್ಟಿ ಇತ್ತು. ಆಮೇಲೆ ನೌಕರಿ, ವರ್ಗಾವಣೆ, ಸಂಸಾರಗಳ ನಡುವೆ ಅದು ಮೂಲೆ ಸೇರಿತು. ಇಪ್ಪತ್ತು ವರ್ಷಗಳ ನಂತರ ಭಾಲ್ಕಿಯಲ್ಲಿ ವಾಸವಾಗಿದ್ದಾಗ ಮಗಳ ಒತ್ತಾಯಕ್ಕೆ ಮಣಿದು ತೊಟ್ಟಿಯನ್ನು ತೊಳೆದು, ಶನಿವಾರ ಕೊಳವೆಬಾವಿಯ ನೀರು ತುಂಬಿಸಿ, ಭಾನುವಾರ ಹನ್ನೆರಡು ಮೀನು ತಂದು ಬಿಟ್ಟೆ. ನೀರು ಕನ್ನಡಿಯಂತಿತ್ತು. ನಾಲ್ಕನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಎಂಟನೆಯ ದಿನ ಉಳಿದದ್ದು ಮೂರು. ಮಣ್ಣಿನಲ್ಲಿ ಸಾರಜನಕದ ಪರಿವರ್ತನೆಯನ್ನು ವರ್ಷಗಟ್ಟಲೆ ಬೋಧಿಸಿದವನ ತೊಟ್ಟಿಯಲ್ಲಿ ಮೀನುಗಳು ಸತ್ತದ್ದು ಅದೇ ಪರಿವರ್ತನೆ ನಡೆಯದ ಕಾರಣದಿಂದ! ಮಗಳು ಕಾರಣ ಕೇಳಿದಾಗ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು.

ತೊಟ್ಟಿಯೂ ಒಂದು ಹೊಲ

ಮೀನು ತಿಂದ ಆಹಾರದ ಪ್ರೋಟೀನಿನಲ್ಲಿರುವ ಸಾರಜನಕದ ಹೆಚ್ಚಿನ ಭಾಗ ಅದರ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ. ಉಳಿದ ಆಹಾರ, ಮಲ, ಕೊಳೆತ ಎಲೆಗಳಿಂದಲೂ ಅಮೋನಿಯಾವೇ ಹುಟ್ಟುತ್ತದೆ. ಕೆರೆಯಲ್ಲಿ ಅದು ಅಪಾರ ಜಲರಾಶಿಯಲ್ಲಿ ಕರಗಿ ತೆಳುವಾಗುತ್ತದೆ; ನಲವತ್ತೈದು ಲೀಟರಿನ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ದಾರಿ ಮಾಡಿಕೊಡುವವು ನೈಟ್ರೀಕರಣದ ಸೂಕ್ಷ್ಮಾಣುಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದನ್ನು ಮೀನು ಸಾಕಷ್ಟು ಮಟ್ಟಿಗೆ ತಾಳಿಕೊಳ್ಳುತ್ತದೆ, ಸಸ್ಯಗಳು ಹೀರಿಕೊಳ್ಳುತ್ತವೆ. ನಾವು ಹೊಲಕ್ಕೆ ಹಾಕಿದ ಯೂರಿಯಾ ಬೆಳೆಗೆ ಒದಗುವುದೂ ಬಹುಮಟ್ಟಿಗೆ ಇದೇ ಹಾದಿಯಲ್ಲಿ.

ಈ ಸೂಕ್ಷ್ಮಾಣುಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಮರಳು, ಸ್ಪಂಜು, ಗಾಜುಗಳ ಮೇಲ್ಮೈಗೆ ಅಂಟಿ ಬೆಳೆಯುತ್ತವೆ. ಅದೂ ಬಹಳ ನಿಧಾನವಾಗಿ. ಹಾಲನ್ನು ಹೆಪ್ಪಾಗಿಸುವ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಕೆಲಸ ಮುಗಿಸಿದರೆ ಇವಕ್ಕೆ ವಾರಗಳು ಬೇಕು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿ ನೀರನ್ನು ಹನಿಹನಿಯಾಗಿ ಹರಿಸಿದರು. ಸುಮಾರು ಇಪ್ಪತ್ತು ದಿನ ಅಮೋನಿಯಾ ಹೋದಂತೆಯೇ ಹೊರಬಂತು. ಅನಂತರ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಆವಿಯನ್ನು ಹಾಯಿಸಿದಾಗ ಪರಿವರ್ತನೆ ನಿಂತುಹೋಯಿತು. ತೋಟದ ಮಣ್ಣಿನ ಸಾರವನ್ನು ಸ್ವಲ್ಪ ಸೇರಿಸಿದಾಗ ಮತ್ತೆ ಆರಂಭವಾಯಿತು. ಇದು ಜೀವಿಗಳ ಕೆಲಸವೆಂದು ಸಿದ್ಧವಾದದ್ದು ಹೀಗೆ. ಒಂದು ಪೈಸೆಯ ಖರ್ಚಿಲ್ಲದ ಆ ಇಪ್ಪತ್ತು ದಿನಗಳ ಕಾಯುವಿಕೆಯನ್ನೇ ನಾನು ತಪ್ಪಿಸಲು ಹೋಗಿದ್ದೆ. ಅಂದಹಾಗೆ, ಈ ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಮುಗಿಸುವ ಸೂಕ್ಷ್ಮಾಣು 2015ರಲ್ಲಿ ಪತ್ತೆಯಾಯಿತು. ಪತ್ತೆಯಾದ ತಾಣಗಳಲ್ಲಿ ಒಂದು ಮೀನುಸಾಕಣೆ ಘಟಕದ ನೀರಿನ ಶೋಧಕವೇ ಆಗಿತ್ತು.

ಬೀದರದ ನೀರು ಬೇರೆ, ಔರಾದದ ನೀರು ಬೇರೆ

ಇತರೆಡೆ ಬರೆದ ಸಲಹೆಗಳನ್ನು ನಮ್ಮ ಜಿಲ್ಲೆಯವರು ಹಾಗೆಯೇ ಅನುಸರಿಸಲಾಗದಿರುವುದಕ್ಕೆ ಕಾರಣ ನಮ್ಮ ನೆಲದಲ್ಲಿದೆ. ಬೀದರ ನಗರ ಕುಳಿತಿರುವುದು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಕೋಟೆಯ ಕಂದಕವನ್ನು ಕಡಿದದ್ದೂ ಆ ಕಲ್ಲಿನಲ್ಲಿಯೇ. ಮಳೆಯ ನೀರು ಈ ರಂಧ್ರಮಯ ಕಲ್ಲಿನಲ್ಲಿ ಇಳಿದು, ಕೆಳಗಿನ ಕಪ್ಪುಶಿಲೆಯ ಮೇಲಿರುವ ಜೇಡಿಯ ಪದರಕ್ಕೆ ತಡೆದು, ಪಕ್ಕಕ್ಕೆ ಜಿನುಗುತ್ತದೆ. ನರಸಿಂಹ ಝರಣಿ, ಪಾಪನಾಶ, ನಾನಕ್ ಝೀರಾಗಳ ಒರತೆಗಳಿಗೂ, ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಗೂ ಈ ನೆಲದ ರಚನೆಯೇ ಆಧಾರ. ಜಂಬಿಟ್ಟಿಗೆಯಲ್ಲಿ ಸುಣ್ಣದ ಅಂಶ ಮಳೆಗೆ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿರುವುದರಿಂದ ಅಲ್ಲಿನ ಆಳವಿಲ್ಲದ ಬಾವಿಗಳ ನೀರು ಸಾಮಾನ್ಯವಾಗಿ ಮೃದು. ರಸಸಾರ 7ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುತ್ತದೆ. ಭಾಲ್ಕಿ, ಔರಾದಗಳ ಬಹುಪಾಲು ನೆಲ ಕಪ್ಪುಶಿಲೆ ಮತ್ತು ಎರೆಮಣ್ಣು. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು, ಗಡಸುತನ ಹೆಚ್ಚು, ರಸಸಾರ 8ರ ಕಡೆಗೆ ವಾಲಿರುತ್ತದೆ. ಪಾತ್ರೆಯ ತಳಕ್ಕೆ ಬಿಳಿಯ ಪಾಚು ಕಟ್ಟುವುದನ್ನು ನೋಡಿದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದು ಮೀನಿಗೆ ಏಕೆ ಮುಖ್ಯ? ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನು ಹೆಚ್ಚು ಹಾನಿ ಮಾಡದು. ಮುಕ್ತ ಅಮೋನಿಯಾ ಕಿವಿರನ್ನು ಸುಡುತ್ತದೆ. 25 ಡಿಗ್ರಿ ಉಷ್ಣಾಂಶದಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯಾದ ನೂರನೇ ಒಂದು ಪಾಲಿಗೂ ಕಡಿಮೆ, ಅಂದರೆ ಶೇ. 0.6ರಷ್ಟು ಮಾತ್ರ ಮುಕ್ತ ರೂಪದಲ್ಲಿರುತ್ತದೆ. ರಸಸಾರ 8 ಆದೊಡನೆ ಅದು ಶೇ. 5ನ್ನು ದಾಟುತ್ತದೆ. ನೀರು 30 ಡಿಗ್ರಿಗೆ ಕಾದರೆ ಶೇ. 7ಕ್ಕೂ ಹೆಚ್ಚು. ಅಂದರೆ ಬೀದರದ ಮೃದು ಬಾವಿನೀರಿನಲ್ಲಿ ಮೀನು ಹೇಗೋ ತಾಳಿಕೊಳ್ಳುವ ಅಮೋನಿಯಾ ಔರಾದದ ಕೊಳವೆಬಾವಿಯ ನೀರಿನಲ್ಲಿ ಹತ್ತು ಪಟ್ಟು ವಿಷವಾಗುತ್ತದೆ. ಬೀದರದ ಬಂಧುಗಳು “ನಾವು ಅದೇ ದಿನ ಮೀನು ಬಿಟ್ಟೆವು, ಏನೂ ಆಗಲಿಲ್ಲ” ಎಂದರೆ ಅವರ ಮಾತು ಸುಳ್ಳಲ್ಲ. ಆದರೆ ಅದು ನಿಮ್ಮ ನೀರಿಗೆ ಅನ್ವಯಿಸುವುದಿಲ್ಲ.

ಗಡಸು ನೀರಿಗೆ ಒಂದು ಅನುಕೂಲವೂ ಉಂಟು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 7 ಮಿಲಿಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರೀಯತೆ ಖರ್ಚಾಗುತ್ತದೆ. ಭಾಲ್ಕಿ, ಔರಾದಗಳ ನೀರಿನಲ್ಲಿ ಈ ದಾಸ್ತಾನು ಹೇರಳ. ಮೃದು ನೀರಿನ ತೊಟ್ಟಿಯಲ್ಲಿ ಅದು ಕೆಲವು ತಿಂಗಳಲ್ಲಿ ಮುಗಿದು ರಸಸಾರ ಏಕಾಏಕಿ ಕುಸಿಯಬಹುದು. ಆಗ ಸೂಕ್ಷ್ಮಾಣುಗಳ ಕೆಲಸವೂ ನಿಲ್ಲುತ್ತದೆ. ಅಂಥವರು ಒಂದು ಹಿಡಿ ಸುಣ್ಣಕಲ್ಲಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಶೋಧಕದ ಬಳಿ ಇಡಬೇಕು. ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಚೆನ್ನಾಗಿ ತೊಳೆದು ಹಾಕಿದರೂ ಸರಿ, ಆದರೆ ಆ ಹೊಲಕ್ಕೆ ಔಷಧಿ ಹೊಡೆದಿರಬಾರದು.

ನಗರದಲ್ಲಿ ಕಾರಂಜಾ ಜಲಾಶಯದ ನಲ್ಲಿ ನೀರು ಬಳಸುವವರಿಗೆ ಚಿಂತೆ ಬೇರೆ: ಕ್ಲೋರಿನ್. ಅದು ಮೀನನ್ನೂ ಸೂಕ್ಷ್ಮಾಣುಗಳನ್ನೂ ಒಟ್ಟಿಗೆ ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದೆರಡು ದಿನ ತೆರೆದಿಟ್ಟು ಆಗಾಗ ಕಲಕಿದರೆ ಸಾಕು. ಅವಸರವಿದ್ದರೆ ರಾಸಾಯನಿಕದ ಅಂಗಡಿಯಲ್ಲಿ ಸಿಗುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳನ್ನು ಬಳಸಬಹುದು. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇರುವ ನೀರಿಗೆ 7 ಮಿಲಿಗ್ರಾಂ ಹೈಪೋ ಬೇಕಾಗುತ್ತದೆ. ನೂರು ಲೀಟರಿಗೆ ಒಂದು ಗ್ರಾಂ ಹಾಕಿದರೆ ಧಾರಾಳ.

ನಿಮ್ಮ ನೀರು ಯಾವ ಬಗೆಯದೆಂದು ತಿಳಿಯಲು ಹಣ ಸುರಿಯಬೇಕಾಗಿಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಒದಗಿಸಿರುವ ನೀರು ಪರೀಕ್ಷಾ ಕಿಟ್ಟಿನಲ್ಲಿ ರಸಸಾರ, ಗಡಸುತನ, ನೈಟ್ರೇಟ್‌ಗಳನ್ನು ನೋಡಬಹುದು. ನೀರಾವರಿ ನೀರಿನ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ತರುವಾಗ ಮನೆಯ ಕೊಳವೆಬಾವಿಯ ಒಂದು ಬಾಟಲಿಯನ್ನೂ ಜೊತೆಗೆ ತನ್ನಿ. ಅತಿ ಗಡಸು ನೀರಾದರೆ ಮಳೆನೀರನ್ನಾಗಲಿ, ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನಾಗಲಿ ಅರ್ಧದಷ್ಟು ಬೆರೆಸಬಹುದು. ಘಟಕದ ನೀರನ್ನೇ ಪೂರ್ತಿ ತುಂಬಕೂಡದು, ಅದರಲ್ಲಿ ಲವಣಗಳೇ ಇರುವುದಿಲ್ಲ. ಘಟಕದಿಂದ ಹೊರಬಿಡುವ ತ್ಯಾಜ್ಯ ನೀರಂತೂ ಬೇಡವೇ ಬೇಡ.

ಮೀನಿಲ್ಲದ ತೊಟ್ಟಿಗೆ ಗೊಬ್ಬರ

ಸೂಕ್ಷ್ಮಾಣುಗಳು ಬೆಳೆಯಲು ಅಮೋನಿಯಾ ಬೇಕು. ಮೀನನ್ನು ಬಲಿ ಕೊಡದೆ ಅದನ್ನು ಒದಗಿಸಬೇಕು. ರೈತನ ಮನೆಯಲ್ಲಿ ಮೊದಲು ಕೈಗೆ ಸಿಗುವುದು ಯೂರಿಯಾ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2015ರಿಂದ ನಮ್ಮಲ್ಲಿ ಮಾರಾಟವಾಗುವ ಯೂರಿಯಾ ಹರಳುಗಳಿಗೆ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಲೇಪನದ ಉದ್ದೇಶವೇ ನೈಟ್ರೀಕರಣವನ್ನು ನಿಧಾನಗೊಳಿಸಿ ಸಾರಜನಕದ ನಷ್ಟ ತಪ್ಪಿಸುವುದು. ಹೊಲಕ್ಕೆ ವರವಾದದ್ದು ತೊಟ್ಟಿಗೆ ಅಡ್ಡಿ. ಆದ್ದರಿಂದ ಯೂರಿಯಾ ಬೇಡ.

ಬದಲಿಗೆ ಅಮೋನಿಯಂ ಸಲ್ಫೇಟ್ ಬಳಸಬಹುದು. ಅದರಲ್ಲಿ ಸಾರಜನಕ ಶೇ. 21ರಷ್ಟಿದೆ. ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಕರಗಿಸಿಟ್ಟುಕೊಳ್ಳಿ. ತೊಟ್ಟಿಯ ಪ್ರತಿ ಲೀಟರ್ ನೀರಿಗೆ ಈ ದ್ರಾವಣದ ಒಂದು ಮಿಲಿಲೀಟರ್ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಸಾರಜನಕ ದೊರೆಯುತ್ತದೆ. ಮಿಶ್ರ ಗೊಬ್ಬರ, ಬಣ್ಣದ ಹರಳು ಇವನ್ನು ಬಳಸಕೂಡದು. ಬಾಟಲಿಯ ಮೇಲೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದಂತೆ ಇಡಿ. ಮೀನು ಬಂದ ಮೇಲೆ ಈ ದ್ರಾವಣದ ಒಂದು ಹನಿಯೂ ತೊಟ್ಟಿಗೆ ಬೀಳಬಾರದು. ಇದಾವುದೂ ಬೇಡವೆನ್ನುವವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿ ಕೊಳೆಯಲು ಬಿಡಬಹುದು. ಇದು ತಡವಾಗುವ, ಸ್ವಲ್ಪ ವಾಸನೆ ಬರುವ, ಆದರೆ ಸಾಗುವ ದಾರಿ.

ಬಿತ್ತುವ ಮುನ್ನ ತೊಗರಿ ಬೀಜಕ್ಕೆ ರೈಜೋಬಿಯಂ ಲೇಪಿಸುವುದು ನಿಮಗೆ ಗೊತ್ತಿದೆ. ತೊಟ್ಟಿಗೂ ಅಂಥದೇ ಉಪಚಾರ ಸಾಧ್ಯ. ವರ್ಷಗಳಿಂದ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿ ಪರಿಚಯದವರಲ್ಲಿದ್ದರೆ ಅದರ ಶೋಧಕದ ಸ್ಪಂಜನ್ನು ನಿಮ್ಮ ನೀರಿನಲ್ಲಿ ಹಿಂಡಿಸಿಕೊಂಡು ಬನ್ನಿ. ಕಂದು ಬಗ್ಗಡ ನೋಡಲು ಹೊಲಸು, ಆದರೆ ಅಂಗಡಿಯ ಯಾವ ಬಾಟಲಿಗಿಂತಲೂ ಅದೇ ಮೇಲು. ಮೀನಿಗೆ ರೋಗ ಬಂದಿರುವ ತೊಟ್ಟಿಯಿಂದ ಮಾತ್ರ ತರಬೇಡಿ.

ಮುಂದಿನ ದಿನಗಳಲ್ಲಿ ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿಯುತ್ತದೆ. ಅಮೋನಿಯಾ ಶೂನ್ಯಕ್ಕೆ ಬಂದಾಗಲೆಲ್ಲ ಮತ್ತೆ ಅರ್ಧ ಪ್ರಮಾಣದ ದ್ರಾವಣ ಹಾಕುತ್ತಿರಬೇಕು. ಪೂರ್ಣ ಪ್ರಮಾಣ ಹಾಕಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿದರೆ ತೊಟ್ಟಿ ಸಿದ್ಧ. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಇನ್ನೂ ಹೆಚ್ಚು. ಫೆಬ್ರುವರಿ ಕೊನೆಯಲ್ಲಾಗಲಿ, ಮಳೆಗಾಲ ನೆಲೆಗೊಂಡ ಮೇಲಾಗಲಿ ಆರಂಭಿಸುವುದು ಲೇಸು.

ಇದನ್ನೆಲ್ಲ ಅಳೆಯಲು ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಾ ಕಿಟ್ ಬೇಕು. ಕಡಿಮೆ ಖರ್ಚಿನ ಯೋಜನೆಯಲ್ಲಿ ನಾನು ಕಡಿತ ಮಾಡಬೇಡಿರೆಂದು ಹೇಳುವ ವಸ್ತು ಇದೊಂದೇ. ತೊಟ್ಟಿಗಿಂತ ಕಿಟ್ಟೇ ದುಬಾರಿಯೆಂದು ಮನೆಯಲ್ಲಿ ಆಕ್ಷೇಪ ಬರುವುದು ಖಂಡಿತ. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳಬಹುದು.

ಹಳೆಯ ತೊಟ್ಟಿ, ಸಾಮಗ್ರಿ

ಅಟ್ಟದಿಂದ ಇಳಿಸಿದ ತೊಟ್ಟಿಯನ್ನು ಅಂಗಳದಲ್ಲಿ ಸಮತಟ್ಟಾದ ಹಲಗೆಯ ಮೇಲಿಟ್ಟು, ನೀರು ತುಂಬಿಸಿ ಎರಡು ದಿನ ಬಿಡಿ. ವರ್ಷಾನುಗಟ್ಟಲೆ ಬಿಸಿಲಿನ ಝಳ ಉಂಡ ಸಿಲಿಕಾನ್ ಅಂಟು ಬಿಟ್ಟುಕೊಂಡಿರುವ ಸಂಭವವಿದೆ. ಸೋರಿದರೆ ಒಳ ಅಂಚಿನ ಹಳೆಯ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು ಹೊಸದನ್ನು ಹಚ್ಚಬೇಕು. ಒಣಗಿದ ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಬಚ್ಚಲುಮನೆಗೆ ಬಳಸುವ, ಬೂಷ್ಟುನಿರೋಧಕ ಸೇರಿಸಿದ ಸಿಲಿಕಾನ್ ಮೀನಿಗೆ ವಿಷ. ಬಿಳಿಯ ಕಲೆಗಳನ್ನು ನಿಂಬೆರಸದಿಂದ ಉಜ್ಜಿ ತೆಗೆಯಿರಿ, ಸೋಪು ಮುಟ್ಟಿಸಬೇಡಿ. ಎರಡು ಅಡಿ ಉದ್ದ, ಒಂದಡಿ ಅಗಲ ಮತ್ತು ಎತ್ತರದ ತೊಟ್ಟಿ ತುಂಬಿದಾಗ ಅರುವತ್ತು ಕಿಲೋ ಸಮೀಪ ತೂಗುತ್ತದೆ. ಅದನ್ನು ಟಿವಿ ಮೇಜಿನ ಮೇಲೆ ಇಡುವ ಸಾಹಸ ಬೇಡ.

ಶೋಧಕಕ್ಕೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜು ಶೋಧಕ ಸಾಕು. ಐದು ವ್ಯಾಟಿನ ಪಂಪು ಹಗಲುರಾತ್ರಿ ನಡೆದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟದು. ಸ್ಪಂಜನ್ನು ಎಂದೂ ನಲ್ಲಿಯ ಕೆಳಗೆ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಬೇಕು. ಮರಳು ಮನೆ ಕಟ್ಟುವವರ ಬಳಿ ಒಂದು ಬುಟ್ಟಿ ಕೇಳಿದರೆ ಸಿಗುತ್ತದೆ. ನೀರು ತಿಳಿಯಾಗುವವರೆಗೆ ಹತ್ತು ಹನ್ನೆರಡು ಬಾರಿ ತೊಳೆಯಿರಿ. ಕಲ್ಲು ಬೇಕೆಂದರೆ ಹೊಳೆಯ ಕಪ್ಪುಕಲ್ಲು ಉತ್ತಮ. ಜಂಬಿಟ್ಟಿಗೆ ಪುಡಿಯುದುರಿ ನೀರನ್ನು ಕೆಂಪಾಗಿಸುತ್ತದೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳಂಥ ಜಲಸಸ್ಯಗಳು ಅಮೋನಿಯಾವನ್ನೂ ನೈಟ್ರೇಟನ್ನೂ ಹೀರುವುದರಿಂದ ಪ್ಲಾಸ್ಟಿಕ್ ಗಿಡಕ್ಕಿಂತ ಎಲ್ಲ ವಿಧದಲ್ಲೂ ಮೇಲು.

ಒಕ್ಕಲು ಮನೆಗಳಿಗೆ ವಿಶೇಷ ಎಚ್ಚರಿಕೆ

ಔರಾದ ತಾಲ್ಲೂಕಿನ ಒಂದು ಮನೆಯಲ್ಲಿ ಎಲ್ಲವೂ ಕ್ರಮಬದ್ಧವಾಗಿದ್ದ ತೊಟ್ಟಿಯ ಮೀನುಗಳೆಲ್ಲ ಒಂದೇ ರಾತ್ರಿಯಲ್ಲಿ ಸತ್ತವು. ಅಮೋನಿಯಾ ಶೂನ್ಯವಿತ್ತು. ವಿಚಾರಿಸಿದಾಗ ತಿಳಿದದ್ದು: ಅಂದು ಬೆಳಿಗ್ಗೆ ನೀರು ಬದಲಿಸಲು ಬಳಸಿದ ಬಕೆಟ್ಟು ಹಿಂದಿನ ವಾರ ತೊಗರಿಗೆ ಔಷಧಿ ಕಲಸಿದ ಬಕೆಟ್ಟಾಗಿತ್ತು. ಎರಡು ಬಾರಿ ತೊಳೆದಿದ್ದರಂತೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್ ಮುಂತಾದ ಪೈರೆಥ್ರಾಯ್ಡ್ ಕೀಟನಾಶಕಗಳು ಲೀಟರಿಗೆ ಕೆಲವೇ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಕೆಲವು ಪಾಲು ಇದ್ದರೂ ಮೀನನ್ನು ಕೊಲ್ಲುತ್ತವೆ. ತೊಳೆದು ಕಳೆಯುವ ವಿಷವಲ್ಲ ಅದು. ತೊಟ್ಟಿಗೆಂದೇ ಒಂದು ಹೊಸ ಬಕೆಟ್ಟು, ಒಂದು ಚೆಂಬು, ಒಂದು ಕೊಳವೆ ಮೀಸಲಿಡಿ. ಸಿಂಪಡಣೆ ಮಾಡಿದ ದಿನ ಸ್ನಾನ ಮಾಡದೆ ತೊಟ್ಟಿಯಲ್ಲಿ ಕೈ ಹಾಕಬೇಡಿ. ಸೊಳ್ಳೆಬತ್ತಿ ಮತ್ತು ವಿದ್ಯುತ್ತಿನ ಸೊಳ್ಳೆನಾಶಕ ದ್ರವಗಳಲ್ಲಿ ಇರುವುದೂ ಇದೇ ಕುಲದ ರಾಸಾಯನಿಕ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುವುದರಿಂದ ತೊಟ್ಟಿಯಿರುವ ಕೋಣೆಯಲ್ಲಿ ಅವನ್ನು ಬಳಸದೆ ಸೊಳ್ಳೆಪರದೆ ಕಟ್ಟುವುದು ಕ್ಷೇಮ.

ಯಾವ ಮೀನು?

ನೀರನ್ನು ಮೀನಿಗೆ ಒಗ್ಗಿಸುವುದಕ್ಕಿಂತ ನೀರಿಗೆ ಒಗ್ಗುವ ಮೀನನ್ನು ಆರಿಸುವುದು ಅಗ್ಗ. ಭಾಲ್ಕಿ, ಔರಾದಗಳ ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ, ಸ್ವಾರ್ಡ್‌ಟೇಲ್ ಹೇಳಿ ಮಾಡಿಸಿದ ಮೀನುಗಳು. ಇವು ಮರಿಗಳನ್ನೇ ಹಾಕುವುದರಿಂದ ಮತ್ತೆ ಕೊಳ್ಳುವ ಖರ್ಚೂ ಇಲ್ಲ. ಬೀದರದ ಮೃದು ನೀರಿನಲ್ಲಿ ಟೆಟ್ರಾ, ರಾಸ್ಬೋರಾಗಳೂ ಬಾಳುತ್ತವೆ. ಝೀಬ್ರಾ ಡೇನಿಯೋ ಎರಡೂ ಕಡೆ ಸಲ್ಲುತ್ತದೆ. ಆರೋಗ್ಯ ಇಲಾಖೆ ಸೊಳ್ಳೆಮರಿಗಳ ನಿಯಂತ್ರಣಕ್ಕೆ ಬಾವಿ, ತೊಟ್ಟಿಗಳಿಗೆ ಬಿಡುವ ಎರಡು ಮೀನುಗಳಲ್ಲಿ ಗಪ್ಪಿಯೂ ಒಂದು. ಇನ್ನೊಂದಾದ ಗ್ಯಾಂಬೂಸಿಯಾ ಇತರ ಮೀನುಗಳ ರೆಕ್ಕೆ ಕಚ್ಚುವ ಜಗಳಗಂಟ, ಅದನ್ನು ಬೆರೆಸಬೇಡಿ. ಗೋಲ್ಡ್‌ಫಿಶ್ ಸಣ್ಣ ತೊಟ್ಟಿಗಲ್ಲ. ದುಂಡನೆಯ ಗಾಜಿನ ಬಟ್ಟಲಿನಲ್ಲಿ ಅದನ್ನು ಇಟ್ಟು ಮಾರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಗಾಜಿನ ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಬೆಳೆದ ಮೇಲೆ ಅದನ್ನು ಕಾರಂಜಾಕ್ಕೋ ಮಾಂಜ್ರಾಕ್ಕೋ ಬಿಟ್ಟುಬಂದರೆ ಊರಿನ ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಂತೆ. ದೇಶದ ಹಲವು ಕೆರೆ ನದಿಗಳಲ್ಲಿ ಅದು ಈಗಾಗಲೇ ನೆಲೆಯೂರಿ ಬಲೆ ಹರಿಯುತ್ತಿದೆ.

ಸಿದ್ಧವಾದ ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ನೀರನ್ನು ಬದಲಿಸಿ, ನಲವತ್ತೈದು ಲೀಟರಿಗೆ ಮೊದಲು ನಾಲ್ಕೈದು ಸಣ್ಣ ಮೀನು ಬಿಡಿ. ಎರಡು ವಾರ ಕಳೆದ ಮೇಲೆ ಇನ್ನು ನಾಲ್ಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಮೀನು ಬಿಟ್ಟ ಮೇಲೆ ನೈಟ್ರೈಟ್ ಕಾಣಿಸಿದರೆ ಮೂರನೇ ಒಂದು ಭಾಗ ನೀರು ಬದಲಿಸಿ, ಲೀಟರಿಗೆ ಅರ್ಧ ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಒಳಗೆ ಹೋಗಗೊಡುವುದಿಲ್ಲ.

ಬೇಸಿಗೆಯಲ್ಲಿ ಪ್ರಾಣವಾಯುವಿನ ಕೊರತೆಯನ್ನು ಗಮನಿಸಬೇಕು. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 32 ಡಿಗ್ರಿಯಲ್ಲಿ 7.3 ಮಾತ್ರ, ಬೀದರ 600 ಮೀಟರಿಗೂ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ಇನ್ನೂ ಕಡಿಮೆ. ಏಪ್ರಿಲ್ ಮೇ ತಿಂಗಳಲ್ಲಿ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ತಾಗಿಸಿದರೆ ನಮ್ಮ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಮಳೆನೀರು ಅಥವಾ ಘಟಕದ ನೀರಿನಿಂದ ತುಂಬಬೇಕು. ಗಡಸು ನೀರನ್ನೇ ಸುರಿಯುತ್ತಿದ್ದರೆ ಲವಣ ಉಳಿದು ಕೂಡುತ್ತ ಹೋಗುತ್ತದೆ. ವಿದ್ಯುತ್ ಹೋದಾಗ ಚೆಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯುತ್ತಿರಿ. ಚಳಿಗಾಲದ ರಾತ್ರಿ ಗೋಣಿತಟ್ಟು ಹೊದಿಸಿದರೂ ನೀರು 20 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದರೆ ಐವತ್ತು ವ್ಯಾಟಿನ ಹೀಟರ್ ಅಗತ್ಯ.

ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು, ಅದೇ ಉಷ್ಣಾಂಶದ, ಕ್ಲೋರಿನ್ ಕಳೆದ ನೀರನ್ನು ತುಂಬಿಸಿ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುತ್ತದೆ. ಚರಂಡಿಗೆ ಚೆಲ್ಲದೆ ಮೆಣಸಿನ ಗಿಡಕ್ಕೋ ಕರಿಬೇವಿಗೋ ಹಾಕಿ. ಉಪ್ಪು ಹಾಕಿದ ವಾರದ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ.